ಬಾಣಂತಿಯ ಬೇಜಾರು: ಅಳೆಯುವ ಕೋಲು ಯಾವ ಭಾಷೆಯದು?

ಹೆರಿಗೆಯಾದ ತಾಯಂದಿರ ಮನಸ್ಸಿನ ಸ್ಥಿತಿ ತಿಳಿಯಲು ಹಲವು ದೇಶಗಳಲ್ಲಿ ಬಳಸುವ ಒಂದು ಪ್ರಶ್ನಾವಳಿ ಇದೆ. ಅದರ ನಾಲ್ಕನೆಯ ಪ್ರಶ್ನೆಯ ಸಾರಾಂಶ ಇಷ್ಟು: ಕಳೆದ ಏಳು ದಿನಗಳಲ್ಲಿ ಸರಿಯಾದ ಕಾರಣವಿಲ್ಲದೆ ನಿಮಗೆ ಆತಂಕ, ಚಿಂತೆ ಆಗಿದೆಯೇ? ಇದನ್ನು ಜುಲೈ ತಿಂಗಳಲ್ಲಿ ಕಾರವಾರದ ಮೀನುಗಾರರ ಮನೆಯೊಂದರಲ್ಲಿ ಕೇಳಿದರೆ ಬರಬಹುದಾದ ಉತ್ತರ ಹೀಗಿರುತ್ತದೆ: "ಕಾರಣ ಇಲ್ದೆ ಎಂತಕ್ಕೆ ಚಿಂತೆ? ಬೋಟು ಇಳಿಯೂದಿಲ್ಲ, ಸೊಸೈಟಿ ಸಾಲ ಹಾಗೇ ಇದೆ, ಮೂರನೆಯದೂ ಹೆಣ್ಣೇ." ಪ್ರಶ್ನೆಯನ್ನು ಅಕ್ಷರಶಃ ಓದಿದರೆ ಆಕೆಯ ಉತ್ತರ 'ಇಲ್ಲ'. ಕಾರಣವಿದೆಯಲ್ಲ! ಹಾಗಾಗಿ ಸಂದರ್ಶಕಿ ಸೊನ್ನೆ ಅಂಕ ಹಾಕುತ್ತಾಳೆ. ಇಂಥ ನೂರು ಸೊನ್ನೆಗಳು ಸೇರಿದರೆ 'ಕರಾವಳಿಯ ಮೀನುಗಾರ ಸಮುದಾಯದ ತಾಯಂದಿರಲ್ಲಿ ಆತಂಕ ಕಡಿಮೆ' ಎಂಬ ವರದಿ ಸಿದ್ಧವಾಗುತ್ತದೆ.

ಸಣ್ಣ ಸಮುದಾಯಗಳ ತಾಯಂದಿರ ಮಾನಸಿಕ ಆರೋಗ್ಯದ ಸಂಶೋಧನೆಯಲ್ಲಿ ಮುಖ್ಯ ತೊಡಕು ಇದೇ. ಎರಡು ಸಮುದಾಯಗಳ ನಡುವೆ ಅಂಕಿಗಳಲ್ಲಿ ಕಾಣುವ ಅಂತರ ಮೂರು ಕಡೆಯಿಂದ ಬಂದಿರಬಹುದು. ನೋವೇ ಹೆಚ್ಚು ಕಡಿಮೆ ಇರಬಹುದು. ಅಳೆಯುವ ಕೋಲು ಒಂದು ಕಡೆ ಸೊಟ್ಟಗಾಗಿರಬಹುದು. ಇಲ್ಲವೇ ನಿಜವಾಗಿ ಕಷ್ಟದಲ್ಲಿದ್ದವರು ಲೆಕ್ಕಕ್ಕೇ ಸಿಗದೆ ಹೋಗಿರಬಹುದು. ಮೊದಲನೆಯದನ್ನು ಹೇಳಬೇಕಾದರೆ ಮಿಕ್ಕ ಎರಡನ್ನು ಬಗೆಹರಿಸಿಕೊಂಡಿರಬೇಕು. ಉತ್ತರ ಕನ್ನಡದಂಥ ಜಿಲ್ಲೆಯಲ್ಲಿ ಇದನ್ನು ಮಾಡುವುದು ಹೇಗೆ ಎಂಬುದೇ ಇಲ್ಲಿಯ ವಿಷಯ.

ಯಾವುದು ಕಾಯಿಲೆ, ಯಾವುದು ಅಲ್ಲ

ಹೆರಿಗೆಯಾದ ಮೂರು-ಐದು ದಿನಕ್ಕೆ ಸುಮ್ಮಸುಮ್ಮನೆ ಅಳು, ಸಿಡುಕು, ಮರುಗಳಿಗೆಯಲ್ಲೇ ನಗು ಬರುವುದು ತೀರಾ ಸಾಮಾನ್ಯ. ಎರಡು ವಾರದೊಳಗೆ ಅದು ತಾನಾಗಿ ಇಳಿಯುತ್ತದೆ, ಮದ್ದು ಬೇಡ. ಎರಡು ವಾರ ದಾಟಿಯೂ ದಿನದ ಬಹುಪಾಲು ಮಂಕು, ಯಾವುದರಲ್ಲೂ ಆಸಕ್ತಿಯಿಲ್ಲ, ಊಟ-ನಿದ್ರೆ ಕೆಟ್ಟಿದೆ, 'ನಾನು ಒಳ್ಳೆಯ ತಾಯಿಯಲ್ಲ' ಎಂಬ ಕೊರಗು ಇದೆ ಎಂದರೆ ಅದು ಖಿನ್ನತೆ. ಭಾರತದ 38 ಅಧ್ಯಯನಗಳನ್ನು, ಅಂದರೆ 20,043 ತಾಯಂದಿರ ಮಾಹಿತಿಯನ್ನು, ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆ ಪ್ರಸವೋತ್ತರ ಖಿನ್ನತೆಯ ಪ್ರಮಾಣವನ್ನು ಶೇ. 22 ಎಂದು ಅಂದಾಜಿಸಿತು. ಐವರು ಬಾಣಂತಿಯರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು.

ಮೂರನೆಯದು ನಮ್ಮ ಹಳ್ಳಿಗಳಲ್ಲಿ 'ಬಾಣಂತಿ ಸನ್ನಿ' ಎನ್ನುವ ಸ್ಥಿತಿ. ನಿದ್ರೆಯೇ ಇಲ್ಲದಿರುವುದು, ಸಂಬಂಧವಿಲ್ಲದ ಮಾತು, ಇಲ್ಲದ ದನಿ ಕೇಳುವುದು, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ, ಇವು ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲೇ ಕಾಣಿಸಿಕೊಳ್ಳುತ್ತವೆ. ಸಾವಿರ ಹೆರಿಗೆಗೆ ಒಂದೋ ಎರಡೋ ಇಂಥ ಪ್ರಕರಣ. ವಿರಳ ನಿಜ, ಆದರೆ ತುರ್ತು. ಗಾಳಿ ಸೋಕಿದೆ ಎಂದು ದೇವರ ಪಾತ್ರಿಯನ್ನೋ ದರ್ಗಾವನ್ನೋ ಹುಡುಕಿಕೊಂಡು ಎರಡು ದಿನ ಕಳೆದರೆ ತಾಯಿ-ಮಗು ಇಬ್ಬರ ಜೀವಕ್ಕೂ ಅಪಾಯ. ಹರಕೆ ಹೊರುವುದನ್ನು ತಡೆಯಬೇಕಾಗಿಲ್ಲ, ಆಸ್ಪತ್ರೆಗೆ ಕರೆದೊಯ್ಯುವುದನ್ನು ಅದಕ್ಕಾಗಿ ಮುಂದೂಡಬಾರದು ಅಷ್ಟೇ.

ಇಲ್ಲಿ 'ಅಲ್ಪಸಂಖ್ಯಾತ' ಎಂದರೆ ಯಾರು?

ಸರ್ಕಾರಿ ಕಾಗದದಲ್ಲಿ ಈ ಪದಕ್ಕೆ ಧರ್ಮದ ಅರ್ಥವಿದೆ: ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಪಾರ್ಸಿ, ಮತ್ತು 2014ರಿಂದ ಜೈನ. ಉತ್ತರ ಕನ್ನಡದ ನೆಲದ ಮೇಲೆ ಈ ವಿಂಗಡಣೆ ಸಾಕಾಗುವುದಿಲ್ಲ. ಭಟ್ಕಳದ ನವಾಯತರು ಮುಸ್ಲಿಮರು, ಮನೆಮಾತು ನವಾಯತಿ. ಹಳಿಯಾಳದ ಸಿದ್ದಿ ಮುಸ್ಲಿಮರೂ ಮುಸ್ಲಿಮರೇ. ಇಬ್ಬರ ನಡುವೆ ಆದಾಯ, ಭಾಷೆ, ಆಸ್ಪತ್ರೆಯ ದೂರ ಯಾವುದರಲ್ಲೂ ಹೋಲಿಕೆ ಇಲ್ಲ. ಸಿದ್ದಿಗಳಲ್ಲೇ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. 2003ರಲ್ಲಿ ಈ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅಂಕೋಲಾ, ಕುಮಟಾ, ಹೊನ್ನಾವರದ ಹಾಲಕ್ಕಿ ಒಕ್ಕಲಿಗರು ವರ್ಷಗಳಿಂದ ಕೇಳುತ್ತಿದ್ದರೂ ಆ ಪಟ್ಟಿಯಲ್ಲಿಲ್ಲ. ಜೋಯಿಡಾದ ಕುಣಬಿಗಳ ಬೇಡಿಕೆಯೂ ಅದೇ. ಗೌಳಿವಾಡಗಳ ದನಗಾಹಿಗಳು, ಕಾರವಾರ-ಹೊನ್ನಾವರದ ಕೊಂಕಣಿ ಕ್ರೈಸ್ತರು, ಖಾರ್ವಿಗಳು, ಮುಂಡಗೋಡದ ಟಿಬೆಟನ್ ಕ್ಯಾಂಪಿನ ಕುಟುಂಬಗಳು, ಒಂದೇ ಜಿಲ್ಲೆಯಲ್ಲಿ ಇಷ್ಟೆಲ್ಲ ಬಗೆ.

ಇದನ್ನು ಹೇಳುವುದಕ್ಕೆ ಕಾರಣವಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕೋಷ್ಟಕಗಳು ಧರ್ಮ ಮತ್ತು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಇತರೆ ಎಂಬ ದೊಡ್ಡ ಬುಟ್ಟಿಗಳಲ್ಲಿ ಬರುತ್ತವೆ. ಹಾಲಕ್ಕಿ ತಾಯಿ ರಾಜ್ಯದ ಉಳಿದೆಲ್ಲ ಹಿಂದುಳಿದ ವರ್ಗಗಳ ಬುಟ್ಟಿಯಲ್ಲಿ ಕರಗಿಹೋಗುತ್ತಾಳೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕವೇ ಇರಲಿಲ್ಲ. ಹಾಗಾಗಿ ಈ ಸಮುದಾಯಗಳ ಬಗ್ಗೆ ಯಾರಾದರೂ ಕೆಲಸ ಮಾಡಬೇಕೆಂದರೆ ಮನೆಮನೆಗೆ ಹೋಗಿಯೇ ಮಾಡಬೇಕು.

ಹತ್ತು ಪ್ರಶ್ನೆ, ಮೂವತ್ತು ಅಂಕ

ಹೆಚ್ಚು ಬಳಕೆಯಲ್ಲಿರುವುದು ಎಡಿನ್‌ಬರೊ ಪ್ರಸವೋತ್ತರ ಖಿನ್ನತೆ ಮಾಪಕ. ಕಾಕ್ಸ್, ಹೋಲ್ಡನ್, ಸಗೋವ್‌ಸ್ಕಿ ಮೂವರು 1987ರಲ್ಲಿ ಪ್ರಕಟಿಸಿದ್ದು. ಹತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 3 ಅಂಕ, ಒಟ್ಟು 30. ಕೇಳುವುದು ಕಳೆದ ಏಳು ದಿನಗಳ ಬಗ್ಗೆ ಮಾತ್ರ. ಒಂದು, ಎರಡು ಮತ್ತು ನಾಲ್ಕನೆಯ ಪ್ರಶ್ನೆಗಳ ಉತ್ತರಗಳಿಗೆ ಮೇಲಿನಿಂದ ಕೆಳಕ್ಕೆ 0, 1, 2, 3 ಎಂದು ಅಂಕ. ಉಳಿದ ಏಳಕ್ಕೆ ತಿರುಗುಮುರುಗು, 3ರಿಂದ 0ಗೆ. ಇದನ್ನು ಮರೆತು ಎಲ್ಲಕ್ಕೂ ಒಂದೇ ದಿಕ್ಕಿನಲ್ಲಿ ಅಂಕ ಹಾಕಿದರೆ ಲೆಕ್ಕವೆಲ್ಲ ಅಡಿಮೇಲು. ಹೊಸ ಸಂದರ್ಶಕಿಯರ ಮೊದಲ ಇಪ್ಪತ್ತು ಫಾರಂಗಳನ್ನು ಮೇಲ್ವಿಚಾರಕಿ ಒಂದೊಂದಾಗಿ ಮರುಲೆಕ್ಕ ಮಾಡಿ ನೋಡುವುದು ಒಳ್ಳೆಯದು.

ಈ ಮಾಪಕದ ಒಂದು ದೊಡ್ಡ ಗುಣವೆಂದರೆ ಸುಸ್ತು, ಸೊಂಟನೋವು, ಹಸಿವಿನ ಬಗ್ಗೆ ಅದು ಕೇಳುವುದಿಲ್ಲ. ಅವೆಲ್ಲ ಬಾಣಂತಿಗೆ ಹೇಗೂ ಇದ್ದೇ ಇರುತ್ತವೆ. ಇದೇ ಗುಣ ನಮ್ಮಲ್ಲಿ ತೊಡಕೂ ಆಗುತ್ತದೆ, ಏಕೆಂದರೆ ಇಲ್ಲಿ ಅನೇಕರು ಮನಸ್ಸಿನ ನೋವನ್ನು ಮೈಯ ಮಾತಿನಲ್ಲೇ ಹೇಳುತ್ತಾರೆ. 'ಎದೆ ಭಾರ', 'ತಲೆಬಿಸಿ', 'ಕೈಕಾಲು ಬಿದ್ದುಹೋಗ್ತದೆ', ಉರ್ದು ಆಡುವ ಮನೆಗಳಲ್ಲಿ 'ಘಬರಾಹಟ್'. 'ಖಿನ್ನತೆ' ಎಂಬ ಪದ ಪೇಪರ್ ಓದುವವರ ಪದ. 'ಬೇಜಾರು' ಎಲ್ಲರಿಗೂ ಗೊತ್ತು, ಆದರೆ ಅದಕ್ಕೆ ದುಃಖ, ಏಕತಾನದ ಬೇಸರ, ಯಾರ ಮೇಲೋ ಮುನಿಸು ಎಂಬ ಮೂರು ಅರ್ಥ. "ಬೇಜಾರಾಗಿದೆಯಾ?" ಎಂದರೆ ಅತ್ತೆಯ ಮೇಲೆ ಮುನಿಸಿದೆಯಾ ಎಂದು ಕೇಳಿದ ಹಾಗೂ ಆಗಬಹುದು, ಅತ್ತೆ ಪಕ್ಕದಲ್ಲೇ ಕೂತಿದ್ದರೆ ಉತ್ತರವೂ ಅದಕ್ಕೆ ತಕ್ಕ ಹಾಗೆ ಬರುತ್ತದೆ.

ನಾಲ್ಕನೆಯ ಪ್ರಶ್ನೆಯ ಕತೆ ಮೇಲೆಯೇ ಹೇಳಿಯಾಗಿದೆ. ಎರಡನೆಯದು 'ಮೊದಲಿನಷ್ಟೇ ಉತ್ಸಾಹದಿಂದ ಮುಂದಿನದನ್ನು ಎದುರುನೋಡುತ್ತಿದ್ದೀರಾ' ಎಂಬ ಧಾಟಿಯದು. ನಾಲ್ಕು ವರ್ಷದಿಂದ ಮಂಕಾಗಿರುವಾಕೆ "ಹೌದು, ಮೊದಲಿನಷ್ಟೇ" ಎನ್ನುತ್ತಾಳೆ, ಅಂಕ ಸೊನ್ನೆ. ಆರನೆಯದು ಇಂಗ್ಲಿಷ್ ನುಡಿಗಟ್ಟು. ಕೆಲಸ-ಕಷ್ಟಗಳು ಕೈಮೀರಿ ಹೋಗುತ್ತಿವೆಯೇ ಎಂಬುದು ಅದರ ಇಂಗಿತ. ಶಬ್ದಕ್ಕೆ ಶಬ್ದ ಇಟ್ಟರೆ 'ವಸ್ತುಗಳು ನನ್ನ ಮೇಲೆ ಬರುತ್ತಿವೆ' ಎಂದಾಗಿ ಕೇಳಿದವರು ನಗುತ್ತಾರೆ. ಏಳನೆಯದು ನಿದ್ರೆಯದು. ದುಃಖದಿಂದ ನಿದ್ರೆ ಬರುತ್ತಿಲ್ಲವೇ ಎಂದು ಕೇಳಿದರೆ ರಾತ್ರಿ ನಾಲ್ಕು ಸಲ ಹಾಲೂಡಿಸುವಾಕೆ ಪ್ರಶ್ನೆ ಮುಗಿಯುವ ಮೊದಲೇ "ನಿದ್ರೆಯೇ ಇಲ್ಲ" ಎಂದುಬಿಡುತ್ತಾಳೆ. "ಮಗು ಮಲಗಿದ ಮೇಲೂ ನಿದ್ರೆ ಹತ್ತೂದಿಲ್ವಾ?" ಎಂಬ ಉಪಪ್ರಶ್ನೆಯಿಲ್ಲದೆ ಈ ಉತ್ತರಕ್ಕೆ ಬೆಲೆಯಿಲ್ಲ.

ಆದ್ದರಿಂದ ಅನುವಾದಕ್ಕೆ ಒಂದು ಕ್ರಮವಿದೆ. ಇಬ್ಬರು ಬೇರೆಬೇರೆ ಕುಳಿತು ಮೂಲದಿಂದ ಅನುವಾದಿಸುತ್ತಾರೆ. ಒಬ್ಬರಾದರೂ ಆ ಮನೆಮಾತಿನವರೇ ಆಗಿರಬೇಕು. ಎರಡನ್ನೂ ಕೂಡಿಸಿ ಒಂದು ಮಾಡುತ್ತಾರೆ. ಮೂಲ ನೋಡದ ಮೂರನೆಯವರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ. ಬಹುತೇಕರು ಇಲ್ಲಿಗೆ ಕೈತೊಳೆದುಕೊಳ್ಳುತ್ತಾರೆ, ತಪ್ಪು ಉಳಿಯುವುದೂ ಇಲ್ಲಿಯೇ. ಚೆನ್ನಾಗಿ ಹಿಂತಿರುಗುವ ವಾಕ್ಯ ಚೆನ್ನಾಗಿ ಅರ್ಥವಾಗುವ ವಾಕ್ಯ ಆಗಬೇಕೆಂದಿಲ್ಲ. ಮುಂದಿನ ಹೆಜ್ಜೆಯೇ ನಿಜವಾದ ಪರೀಕ್ಷೆ: ಅದೇ ಸಮುದಾಯದ ಹತ್ತು-ಹದಿನೈದು ತಾಯಂದಿರಿಗೆ ಪ್ರಶ್ನೆ ಓದಿ, ಉತ್ತರ ಪಡೆದು, ಆಮೇಲೆ "ನಾನು ಏನು ಕೇಳಿದೆ ಅಂತ ನಿಮಗೆ ಅನ್ನಿಸ್ತು?" ಎಂದು ಕೇಳುವುದು. ನಾಲ್ಕನೆಯ ಪ್ರಶ್ನೆಯ 'ಕಾರಣ' ಎಂಬ ಪದ ಉರುಳುವುದು ಇಲ್ಲಿ.

ಮಾಪಕ ಮೂಲದಲ್ಲಿ ತಾಯಿಯೇ ಓದಿ ತುಂಬುವಂಥದ್ದು. ಓದು ಬಾರದವರಿಗೆ ನಾವು ಓದಿ ಹೇಳುತ್ತೇವೆ. ಆಗ ನಾಲ್ಕು ಆಯ್ಕೆಗಳನ್ನು ನೆನಪಿಟ್ಟುಕೊಳ್ಳುವುದು ಆಕೆಗೆ ಕಷ್ಟ, ಕೊನೆಗೆ ಕೇಳಿದ್ದನ್ನೇ ಆರಿಸುವ ಸಂಭವ ಹೆಚ್ಚು. ಮೊದಲು 'ಆಗಿತ್ತಾ, ಇಲ್ವಾ' ಎಂದು ಕೇಳಿ, 'ಆಗಿತ್ತು' ಎಂದರೆ 'ದಿನಾ ಆಗಿತ್ತಾ, ಆಗಾಗ ಆಗಿತ್ತಾ, ಅಪರೂಪಕ್ಕಾ' ಎಂದು ಎರಡು ಮೆಟ್ಟಿಲು ಮಾಡಿಕೊಂಡರೆ ಉತ್ತರ ಗಟ್ಟಿಯಾಗುತ್ತದೆ. ಏನೇ ಮಾರ್ಪಾಡು ಮಾಡಿದರೂ ಎಲ್ಲ ಸಮುದಾಯಗಳಲ್ಲೂ ಒಂದೇ ರೀತಿ ಮಾಡಬೇಕು.

14, 28, 36

ಈ ಪ್ರಶ್ನಾವಳಿ ರೋಗನಿರ್ಣಯ ಮಾಡುವುದಿಲ್ಲ, ಅದು ಜರಡಿ ಮಾತ್ರ. ಎಷ್ಟು ಅಂಕಕ್ಕೆ ಜರಡಿ ಹಿಡಿಯಬೇಕು ಎಂಬುದೂ ಊರಿಂದೂರಿಗೆ ಬೇರೆ. ಗ್ರಾಮೀಣ ಕರ್ನಾಟಕದ ಗರ್ಭಿಣಿಯರಲ್ಲಿ ಕನ್ನಡ ರೂಪವನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟವಾದ ಅಧ್ಯಯನ 13ನ್ನು ಗಡಿಯಾಗಿ ಸೂಚಿಸಿತು. ಗೋವಾದಲ್ಲಿ ಕೊಂಕಣಿ ರೂಪಕ್ಕೆ 12 ಸರಿಹೊಂದಿತು. ಕಾರವಾರದ ಕೊಂಕಣಿಗೆ ಗೋವಾದ ರೂಪ ಹತ್ತಿರವಾದೀತು. ಹಳಿಯಾಳದ ಸಿದ್ದಿ ಕೊಂಕಣಿಗೆ ಅದನ್ನೇ ಹಿಡಿದು ಹೋದರೆ ಪರೀಕ್ಷೆ ಮಾಡದೆ ನಂಬಿದ ಹಾಗೆ.

ಜರಡಿಯ ಕಣ್ಣು ಸ್ವಲ್ಪ ಬದಲಾದರೆ ಏನಾಗುತ್ತದೆ ಎಂಬುದನ್ನು ಲೆಕ್ಕದಲ್ಲೇ ನೋಡಬಹುದು. ಇದು ಕಲ್ಪಿತ ಲೆಕ್ಕ. ಮೂರು ಸಮುದಾಯ, ಪ್ರತಿಯೊಂದರಲ್ಲೂ 100 ತಾಯಂದಿರು, ಮೂರರಲ್ಲೂ ನಿಜವಾಗಿ ಖಿನ್ನತೆಯಿರುವವರು 20. ಮೊದಲನೆಯ ಸಮುದಾಯದ ಭಾಷೆಗೆ ಮಾಪಕ ಚೆನ್ನಾಗಿ ಹೊಂದಿದೆ: ಖಿನ್ನತೆಯಿರುವ 20ರಲ್ಲಿ ಶೇ. 80, ಅಂದರೆ 16 ಮಂದಿ ಸಿಗುತ್ತಾರೆ. ಖಿನ್ನತೆಯಿಲ್ಲದ 80ರಲ್ಲಿ ಶೇ. 15, ಅಂದರೆ 12 ಮಂದಿ ತಪ್ಪಾಗಿ ಸಿಕ್ಕಿಬೀಳುತ್ತಾರೆ. ಒಟ್ಟು 28. ಎರಡನೆಯ ಸಮುದಾಯದಲ್ಲಿ ನಿದ್ರೆಯ ಪ್ರಶ್ನೆಯಂಥವು ಹೆಚ್ಚು ಜನರನ್ನು ಎಳೆದುಕೊಳ್ಳುತ್ತವೆ, ತಪ್ಪಾಗಿ ಸಿಗುವವರು ಶೇ. 25. 16ಕ್ಕೆ 20 ಕೂಡಿ 36. ಮೂರನೆಯದರಲ್ಲಿ 'ಕಾರಣವಿಲ್ಲದೆ' ಎಂಬಂಥ ಪದಗಳಿಂದ ಉತ್ತರಗಳೆಲ್ಲ ಸೊನ್ನೆಯ ಕಡೆ ವಾಲುತ್ತವೆ: ಖಿನ್ನತೆಯಿರುವವರಲ್ಲಿ ಅರ್ಧದಷ್ಟೇ, 10 ಮಂದಿ ಸಿಗುತ್ತಾರೆ, ಇಲ್ಲದವರಲ್ಲಿ ಶೇ. 5, ಅಂದರೆ 4 ಮಂದಿ. ಒಟ್ಟು 14.

ನೋವು ಮೂರೂ ಕಡೆ ಒಂದೇ ಆಗಿದ್ದರೂ ವರದಿಯ ಪಟದಲ್ಲಿ 14, 28, 36 ಎಂಬ ಮೂರು ಕಂಬಗಳು. ಪತ್ರಿಕೆಯ ತಲೆಬರಹಕ್ಕೆ ಇಷ್ಟು ಸಾಕು.

ಇದನ್ನು ತಡೆಯುವ ದಾರಿ ಖರ್ಚಿನದು, ಆದರೆ ಬೇರೆ ದಾರಿಯಿಲ್ಲ. ಪ್ರತಿ ಸಮುದಾಯದಲ್ಲೂ ಗಡಿ ದಾಟಿದವರೆಲ್ಲರನ್ನೂ, ದಾಟದವರಲ್ಲಿ ಚೀಟಿ ಎತ್ತಿ ಆರಿಸಿದ ಒಂದಷ್ಟು ಜನರನ್ನೂ, ಅವರ ಅಂಕ ಗೊತ್ತಿಲ್ಲದ ಮನೋವೈದ್ಯರೋ ತರಬೇತಿ ಪಡೆದ ಮನಶ್ಶಾಸ್ತ್ರಜ್ಞರೋ ಮಾತಾಡಿಸಿ ನಿರ್ಣಯ ಬರೆಯಬೇಕು. 'ಅಂಕ ಗೊತ್ತಿಲ್ಲದ' ಎಂಬುದು ಮುಖ್ಯ. 22 ಅಂಕ ಎಂದು ಮೊದಲೇ ತಿಳಿದ ವೈದ್ಯರ ಕಣ್ಣಿಗೆ ಎಲ್ಲವೂ ಖಿನ್ನತೆಯಾಗಿಯೇ ಕಾಣುತ್ತದೆ. ಹಾಗೆಯೇ ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆಯೂ ಆಗಬೇಕು. ಹೆರಿಗೆಯ ನಂತರದ ಥೈರಾಯ್ಡ್ ಏರುಪೇರು ಖಿನ್ನತೆಯ ವೇಷದಲ್ಲೇ ಬರುತ್ತದೆ.

ಮನೆಯಲ್ಲಿ ಇಲ್ಲದ ಬಾಣಂತಿ

ಎಷ್ಟು ತಾಯಂದಿರು ಬೇಕು? ಪ್ರಮಾಣ ಶೇ. 22 ಇರಬಹುದೆಂದುಕೊಂಡು, ಆಚೀಚೆ ಶೇ. 5ರೊಳಗೆ ಹೇಳಬೇಕೆಂದರೆ ಸೂತ್ರದ ಪ್ರಕಾರ 264 ಮಂದಿ. ಮನೆಗಳನ್ನು ಊರುಗಳ ಗುಂಪಿನಲ್ಲಿ ಆರಿಸುವುದರಿಂದ ಅದನ್ನು ಒಂದೂವರೆ ಪಟ್ಟು ಮಾಡಿದರೆ 396, ಹತ್ತರಲ್ಲೊಬ್ಬರು ಸಿಗುವುದಿಲ್ಲ ಎಂದುಕೊಂಡರೆ 440. ಇದು ಒಂದೇ ಸಮುದಾಯಕ್ಕೆ. ಎರಡು ಸಮುದಾಯಗಳನ್ನು ಹೋಲಿಸಿ, ಶೇ. 20 ಮತ್ತು ಶೇ. 30ರ ಅಂತರವನ್ನು ನಂಬಿಕೆಯಿಂದ ಹೇಳಬೇಕೆಂದರೆ ಗುಂಪಿನ ಪರಿಣಾಮ ಸೇರಿಸುವ ಮೊದಲೇ ಪ್ರತಿ ಕಡೆ ಸುಮಾರು 290.

ಈಗ ಇನ್ನೊಂದು ಲೆಕ್ಕ. 20 ಸಾವಿರ ಜನರ ಸಮುದಾಯ, ಸಾವಿರಕ್ಕೆ ವರ್ಷಕ್ಕೆ 15 ಹೆರಿಗೆ ಎಂದುಕೊಳ್ಳಿ: ವರ್ಷಕ್ಕೆ 300 ಬಾಣಂತಿಯರು. 440 ಬೇಕೆಂದರೆ ಒಬ್ಬರನ್ನೂ ಬಿಡದೆ ಒಂದೂವರೆ ವರ್ಷ ಕೆಲಸ. ಸ್ಯಾಂಪಲ್ ಎನ್ನುವ ಮಾತೇ ಇಲ್ಲ, ಎಲ್ಲರನ್ನೂ ಎಣಿಸಬೇಕು. ಸಣ್ಣ ಸಮುದಾಯಗಳನ್ನು ಸಂಶೋಧಕರು 'ಇತರೆ' ಎಂಬ ಬುಟ್ಟಿಗೆ ಹಾಕುವುದು ದುರುದ್ದೇಶದಿಂದ ಅಲ್ಲ, ಹೆಚ್ಚಾಗಿ ಈ ಲೆಕ್ಕ ಕೈಕೊಡುವುದರಿಂದ. ಆದರೆ ಬುಟ್ಟಿಗೆ ಹಾಕಿದ ಮೇಲೆ ಅವರ ಬಗ್ಗೆ ಏನೂ ಹೇಳುವಂತಿಲ್ಲ ಎಂಬುದನ್ನಾದರೂ ಒಪ್ಪಬೇಕಲ್ಲ.

ಹೆಸರು ಸಿಕ್ಕರೂ ತಾಯಿ ಸಿಗುವುದಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ, ಬಾಣಂತನ ಮುಗಿದು ಗಂಡನ ಮನೆಗೆ ಮರಳುವುದು ತಿಂಗಳುಗಳ ಮೇಲೆ. ತಾಯಿ ಕಾರ್ಡ್ ಮಾಡಿಸಿದ್ದು ಕುಮಟಾದಲ್ಲಿ, ಆರನೆಯ ವಾರಕ್ಕೆ ಆಕೆ ಇರುವುದು ಸಿದ್ದಾಪುರದಲ್ಲಿ. ಕಾರವಾರದವರು ಹೆರಿಗೆಗೆ ಗೋವಾಕ್ಕೆ ಹೋಗುವುದುಂಟು, ಭಟ್ಕಳದವರು ಉಡುಪಿ, ಮಣಿಪಾಲ, ಮಂಗಳೂರಿಗೆ. ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ವಾರ್ಡಿನ ಪುಸ್ತಕದಿಂದ ಪಟ್ಟಿ ಮಾಡಿದರೆ ಇವರೆಲ್ಲ ಬಿಟ್ಟುಹೋಗುತ್ತಾರೆ. ಆಶಾ ಕಾರ್ಯಕರ್ತೆಯ ಗರ್ಭಿಣಿ ನೋಂದಣಿಯಿಂದ ಶುರುಮಾಡಿ, ಎರಡು ಫೋನ್ ನಂಬರು (ಗಂಡನ ಮನೆಯದೊಂದು, ತವರಿನದೊಂದು) ಬರೆದುಕೊಂಡು ಹಿಂಬಾಲಿಸುವುದೇ ಸರಿ.

ಯಾವಾಗ ಹೋಗಬೇಕು ಎಂಬುದಕ್ಕೆ ಈಗಾಗಲೇ ಒಂದು ಸಿದ್ಧ ದಾರಿ ಇದೆ. ಆಸ್ಪತ್ರೆ ಹೆರಿಗೆಯಾದವರ ಮನೆಗೆ ಆಶಾ 3, 7, 14, 21, 28 ಮತ್ತು 42ನೆಯ ದಿನ ಭೇಟಿ ಕೊಡಬೇಕು. ಮಗುವಿನ ಲಸಿಕೆ 6, 10, 14ನೆಯ ವಾರಗಳಲ್ಲಿ. ಮೂರನೆಯ ದಿನ ಪ್ರಶ್ನಾವಳಿ ಹಿಡಿದು ಹೋದರೆ ಸಿಗುವುದು ಮೊದಲ ವಾರದ ಅಳು ಮಾತ್ರ. 42ನೆಯ ದಿನ ಒಳ್ಳೆಯದು. ಮುಸ್ಲಿಂ ಮನೆಗಳಲ್ಲಿ ನಲವತ್ತು ದಿನದ ಆರೈಕೆ ಆಗಷ್ಟೇ ಮುಗಿದಿರುತ್ತದೆ, ಬೇರೆ ಮನೆಗಳಲ್ಲಿ ಪುರುಡು ಕಳೆದು ಎಷ್ಟೋ ದಿನವಾಗಿರುತ್ತದೆ. ಅಂದರೆ ಒಂದು ಕಡೆ ಕೈಹಿಡಿಯುವವರು ನಿನ್ನೆಯಷ್ಟೇ ಹಿಂದೆ ಸರಿದಿದ್ದಾರೆ, ಇನ್ನೊಂದು ಕಡೆ ತಾಯಿ ಒಂದು ತಿಂಗಳಿನಿಂದ ಗದ್ದೆಗೋ ಮೀನು ಮಾರಾಟಕ್ಕೋ ಮರಳಿರಬಹುದು. 14ನೆಯ ವಾರ ಮತ್ತೊಮ್ಮೆ ನೋಡಿದರೆ ಈ ವ್ಯತ್ಯಾಸ ತಿಳಿಯುತ್ತದೆ.

ಋತುವನ್ನೂ ಮರೆಯುವಂತಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, 61 ದಿನ ಆದಾಯವಿಲ್ಲ, ಗಂಡ ಮನೆಯಲ್ಲೇ. ಕೆಲವರಿಗೆ ಅದು ಆಸರೆ, ಕೆಲವರಿಗೆ ಕುಡಿತದ ಹೊಡೆತ. ಅದೇ ತಿಂಗಳುಗಳಲ್ಲಿ ಜೋಯಿಡಾದ ಕೆಲ ಊರುಗಳಿಗೆ ಜೀಪೂ ಹೋಗದು. ಮೀನುಗಾರರನ್ನು ಮಳೆಗಾಲದಲ್ಲಿ, ಕುಣಬಿಗಳನ್ನು ಬೇಸಿಗೆಯಲ್ಲಿ ಭೇಟಿಯಾಗಿ ಹೋಲಿಸಿದರೆ ಹೋಲಿಸಿದ್ದು ಸಮುದಾಯವನ್ನಲ್ಲ, ಹವಾಮಾನವನ್ನು.

ಜಾತಿಯೋ, ದಾರಿಯೋ

ಅಂತರ ನಿಜವೆಂದೇ ಗೊತ್ತಾಯಿತು ಎನ್ನಿ. ಏಕೆ? ಇಲ್ಲಿ ಗೋವಾದ ಅಧ್ಯಯನವೊಂದನ್ನು ನೆನೆಯಬೇಕು. ವಿಕ್ರಂ ಪಟೇಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ್ದು. ಆರರಿಂದ ಎಂಟನೆಯ ವಾರದಲ್ಲಿ ಶೇ. 23 ತಾಯಂದಿರಲ್ಲಿ ಖಿನ್ನತೆ ಕಂಡಿತು, ಅವರಲ್ಲಿ ಶೇ. 78 ಮಂದಿಗೆ ಗರ್ಭಿಣಿಯಾಗಿದ್ದಾಗಲೇ ಮನಸ್ಸು ಸರಿಯಿರಲಿಲ್ಲ. ಆರು ತಿಂಗಳಾದರೂ ಅರ್ಧಕ್ಕಿಂತ ಹೆಚ್ಚು ಮಂದಿ ಚೇತರಿಸಿಕೊಂಡಿರಲಿಲ್ಲ. ಬಡತನ, ಗಂಡ-ಹೆಂಡತಿಯ ಕೆಟ್ಟ ಸಂಬಂಧ, ಹೆಣ್ಣುಮಗುವಿನ ಜನನ ಇವು ಎದ್ದು ಕಂಡ ಕಾರಣಗಳು. ಕಾರವಾರದಿಂದ ಕಾಳಿ ದಾಟಿದರೆ ಸ್ವಲ್ಪ ಹೊತ್ತಿಗೆ ಗೋವಾದ ಗಡಿ. ಈ ಕಾರಣಗಳು ಪೋಳೆಂ ಚೆಕ್‌ಪೋಸ್ಟಿನಲ್ಲಿ ನಿಂತುಬಿಡುವುದಿಲ್ಲ.

ಸಂಖ್ಯಾಶಾಸ್ತ್ರದ ಒಂದು ಸಾಮಾನ್ಯ ಎಡವಟ್ಟು ಇಲ್ಲಿದೆ. ಸಮುದಾಯ 'ಎ'ಯಲ್ಲಿ ಖಿನ್ನತೆ ಹೆಚ್ಚು ಎಂದು ಕಂಡಿತು. ಸಂಶೋಧಕರು ಬಡತನ, ವಿದ್ಯೆ, ಆಸ್ಪತ್ರೆಯ ದೂರ, ಹಿಂದೆ ತೀರಿಕೊಂಡ ಮಗು ಇವನ್ನೆಲ್ಲ ಲೆಕ್ಕಕ್ಕೆ ಸೇರಿಸಿ ಸರಿದೂಗಿಸುತ್ತಾರೆ, ಅಂದರೆ ಇವು ಎಲ್ಲ ಕಡೆ ಒಂದೇ ಆಗಿದ್ದರೆ ಎಷ್ಟು ಅಂತರ ಉಳಿಯುತ್ತಿತ್ತು ಎಂದು ನೋಡುತ್ತಾರೆ. ಅಂತರ ಮಾಯವಾಗುತ್ತದೆ. "ಹಾಗಾದರೆ ಸಮುದಾಯದಿಂದ ವ್ಯತ್ಯಾಸವಿಲ್ಲ" ಎಂದು ಬರೆದು ಮುಗಿಸುತ್ತಾರೆ. ತಪ್ಪು. ಬಡತನ, ದೂರ, ಮಗುವಿನ ಸಾವು ಇವು ಆ ಸಮುದಾಯಕ್ಕೆ ಸೇರಿದ ಕಾರಣಕ್ಕೇ ಆಕೆಯ ಪಾಲಿಗೆ ಹೆಚ್ಚು ಬಂದವು. ನೋವು ನಡೆದು ಬಂದ ದಾರಿಗಳೇ ಅವು. ದಾರಿಗಳನ್ನೆಲ್ಲ ಲೆಕ್ಕದಲ್ಲಿ ಮುಚ್ಚಿದರೆ ಯಾರೂ ಬರಲಿಲ್ಲ ಎಂದು ಕಾಣುವುದು ಸಹಜ. ಸರಿಯಾದ ಕ್ರಮವೆಂದರೆ ಮೊದಲು ಸರಿದೂಗಿಸದ ಅಂತರ ಕೊಡುವುದು, ಆಮೇಲೆ ಒಂದೊಂದೇ ಸೇರಿಸುತ್ತ ಎಷ್ಟೆಷ್ಟು ಕುಗ್ಗಿತು ಎಂದು ತೋರಿಸುವುದು. ದೂರ ಸೇರಿಸಿದಾಗ ಅಂತರ ಅರ್ಧಕ್ಕೆ ಇಳಿದರೆ ಜಿಲ್ಲಾಡಳಿತಕ್ಕೆ ಮಾಡಲು ಒಂದು ಕೆಲಸ ಸಿಕ್ಕಿತು.

'ಗಂಡನ ಬೆಂಬಲ' ಅಳೆಯುವಾಗ ಇನ್ನೊಂದು ಗೊಂದಲ. 'ಗಂಡ ಜೊತೆಯಲ್ಲಿ ವಾಸವೇ' ಎಂಬ ಪ್ರಶ್ನೆಗೆ ಭಟ್ಕಳದ ಎಷ್ಟೋ ಮನೆಗಳಲ್ಲಿ 'ಇಲ್ಲ, ದುಬೈ' ಎಂಬುದೇ ಉತ್ತರ. ಆದರೆ ದಿನಾ ರಾತ್ರಿ ವಿಡಿಯೊ ಕರೆ, ಸುತ್ತಲೂ ತುಂಬು ಮನೆ. ಇನ್ನೊಂದೆಡೆ ಒಂದೇ ಸೂರಿನಡಿ ಇದ್ದೂ ಮಾತೇ ಆಡದ ಗಂಡ. ವಾಸದ ಪ್ರಶ್ನೆ ಬಿಟ್ಟು "ರಾತ್ರಿ ಮಗು ಅತ್ತರೆ ಯಾರು ಏಳ್ತಾರೆ? ನಿಮಗೆ ಜ್ವರ ಬಂದರೆ ಅಡುಗೆ ಯಾರು ಮಾಡ್ತಾರೆ?" ಎಂದು ಕೇಳಿದರೆ ಬೆಂಬಲ ಎಷ್ಟಿದೆಯೆಂದು ತಾನಾಗಿ ತಿಳಿಯುತ್ತದೆ.

ಕೋಣೆಯೊಳಗೆ

ಎಷ್ಟು ಚೆನ್ನಾದ ಮಾಪಕವಾದರೂ ಅತ್ತೆ, ನಾದಿನಿ, ನೆರೆಮನೆಯವರು ಸುತ್ತ ಕೂತಿದ್ದರೆ ಕೆಲಸಕ್ಕೆ ಬಾರದು. "ನೀವು ಸ್ವಲ್ಪ ಆಚೆ ಹೋಗ್ತೀರಾ ಅತ್ತೆಮ್ಮ" ಎಂದರೆ ಆ ಮನೆಗೆ ಎರಡನೆಯ ಸಲ ಪ್ರವೇಶವಿಲ್ಲ. ಇಬ್ಬರು ಹೋಗುವುದು ವಾಸಿ. ಒಬ್ಬರು ಮಗುವನ್ನು ಜಗಲಿಗೆ ತಂದು ತೂಕ ಹಾಕಿ, ಎಣ್ಣೆ ಹಚ್ಚುವ, ನೀರು ಹಾಕುವ ಮಾತು ಅಜ್ಜಿಯ ಜೊತೆ ತೆಗೆದರೆ ಒಳಗೆ ಇಪ್ಪತ್ತು ನಿಮಿಷ ಸಿಗುತ್ತದೆ. ಸಂದರ್ಶಕಿ ಅದೇ ಮಾತಿನವಳಾಗಿರಬೇಕು, ಆದರೆ ಅದೇ ಕೊಪ್ಪದವಳೋ ಅದೇ ವಾಡದವಳೋ ಆಗಬಾರದು. ಸುದ್ದಿ ಹರಡೀತೆಂಬ ಭಯಕ್ಕೆ ಬಾಯಿ ಕಟ್ಟುತ್ತದೆ. ಪಕ್ಕದ ತಾಲ್ಲೂಕಿನ ಅದೇ ಸಮುದಾಯದ ಹೆಣ್ಣುಮಗಳು ಸಿಕ್ಕರೆ ಅದೃಷ್ಟ.

ಒಪ್ಪಿಗೆ ಕೇಳುವಾಗ ಊರ ಗೌಡರ, ಜಮಾತಿನ, ಚರ್ಚಿನ ಅನುಮತಿ ಬಾಗಿಲು ತೆರೆಯುತ್ತದೆ, ಅಷ್ಟೇ. ಒಪ್ಪಿಗೆ ಆ ತಾಯಿಯದೇ ಆಗಬೇಕು. ಹೆಬ್ಬೆಟ್ಟು ಒತ್ತಿದರೆ ಸಂಶೋಧನೆಗೆ ಸಂಬಂಧಪಡದ ಒಬ್ಬ ಸಾಕ್ಷಿಯ ಸಹಿಯೂ ಬೇಕು.

ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಒಟ್ಟು ಅಂಕ 5 ಇದ್ದರೂ ಇಲ್ಲಿ ಸೊನ್ನೆ ಬಿಟ್ಟು ಬೇರೇನು ಬಂದರೂ ಅಂದೇ ಕೆಲಸ ಶುರುವಾಗಬೇಕು. ಕೇಳಿದರೆ ಯೋಚನೆ ತಲೆಗೆ ಹೋಗುತ್ತದೆ ಎಂಬುದು ತಪ್ಪು ನಂಬಿಕೆ. ನೇರವಾಗಿಯೇ ಕೇಳಬೇಕು: ಹೇಗೆ ಅಂತ ಯೋಚಿಸಿದ್ದೀರಾ, ಯಾವಾಗ, ಮೊದಲು ಎಂದಾದರೂ ಪ್ರಯತ್ನಿಸಿದ್ದಿರಾ? ಯೋಜನೆ ಇದೆಯೆಂದರೆ ಆಕೆಯನ್ನು ಒಂಟಿಯಾಗಿ ಬಿಡಬಾರದು. ಘಟ್ಟದ ಮೇಲಿನ ತೋಟದ ಮನೆಗಳಲ್ಲಿ ಕೀಟನಾಶಕ, ಕಳೆನಾಶಕ ಕೈಗೆಟಕುವಲ್ಲಿ ಇರುತ್ತವೆ, ಅವಕ್ಕೆ ಬೀಗ ಬೀಳಬೇಕು. ಆಕೆ ನಂಬುವ ಒಬ್ಬರಿಗೆ, ಆಕೆಯನ್ನು ಕೇಳಿಯೇ, ವಿಷಯ ತಿಳಿಸಬೇಕು. 14416 ಟೆಲಿ-ಮಾನಸ್ ಸಹಾಯವಾಣಿ ಹಗಲುರಾತ್ರಿ ಇದೆ, ಕನ್ನಡದಲ್ಲೂ ಮಾತಾಡಬಹುದು. ತುರ್ತಾದರೆ 108. ಆತ್ಮಹತ್ಯೆಗೆ ಯತ್ನಿಸಿದರೆ ಪೊಲೀಸ್ ಕೇಸು ಎಂಬ ಹೆದರಿಕೆಯಿಂದ ಮನೆಯವರು ಮುಚ್ಚಿಡುವುದುಂಟು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಮಿನ ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ.

'ಮಗುವನ್ನು ಬೀಳಿಸಿಬಿಡ್ತೇನೇನೋ' ಎಂಬಂಥ ಯೋಚನೆ ಹೇಳಿಕೊಂಡವರೆಲ್ಲ ಮಗುವಿಗೆ ಅಪಾಯಕಾರಿ ಅಲ್ಲ. ಆ ಯೋಚನೆಗೆ ತಾನೇ ನಡುಗಿ, ಮಗುವಿನ ಹತ್ತಿರ ಹೋಗಲೂ ಹೆದರುವಾಕೆಗೆ ಇರುವುದು ಗೀಳಿನ ಸಮಸ್ಯೆ. ಆಕೆಗೆ ಚಿಕಿತ್ಸೆ ಬೇಕು, ಮಗುವನ್ನು ಕಿತ್ತುಕೊಳ್ಳುವುದು ಬೇಡ. ಆ ಯೋಚನೆಯನ್ನೇ ಸರಿಯೆಂದು ನಂಬಿ, ಯಾರೋ ಹೇಳಿದರು ಎನ್ನುವಾಕೆಗೆ ಕೂಡಲೇ ಆಸ್ಪತ್ರೆ. ಈ ವ್ಯತ್ಯಾಸವನ್ನು ಸಂದರ್ಶಕಿಯರಿಗೆ ಉದಾಹರಣೆ ಕೊಟ್ಟು, ನಟಿಸಿ ತೋರಿಸಿ ಕಲಿಸಬೇಕು. ಪುಸ್ತಕ ಓದಿಸಿದರೆ ಬರುವುದಿಲ್ಲ.

ಸಿಕ್ಕ ಮೇಲೆ ಕಳಿಸುವುದೆಲ್ಲಿಗೆ?

ಚಿಕಿತ್ಸೆಯ ದಾರಿ ಇಲ್ಲದೆ ಜರಡಿ ಹಿಡಿಯುವುದು ಅನ್ಯಾಯ. ಹಗುರ ಖಿನ್ನತೆಗೆ ಮಾತಿನ ಚಿಕಿತ್ಸೆ ಸಾಕು, ಅದಕ್ಕೆ ವೈದ್ಯರೇ ಬೇಕೆಂದಿಲ್ಲ. ಪಾಕಿಸ್ತಾನದ ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು ನಡೆಸಿದ, 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರು ತಿಂಗಳಿಗೆ ಖಿನ್ನತೆ ಉಳಿದದ್ದು ಶೇ. 23 ತಾಯಂದಿರಲ್ಲಿ. ಸಾಮಾನ್ಯ ಭೇಟಿ ಮಾತ್ರ ಸಿಕ್ಕ ಗುಂಪಿನಲ್ಲಿ ಅದು ಶೇ. 53. ಆಮೇಲೆ ಗೋವಾದಲ್ಲಿ ಅದೇ ಊರಿನ ತಾಯಂದಿರನ್ನು 'ಸಖಿ'ಯರನ್ನಾಗಿ ತಯಾರುಮಾಡಿ, 280 ಗರ್ಭಿಣಿಯರ ಮೇಲೆ ಪರೀಕ್ಷಿಸಿದರು. ಫಲ ಅಷ್ಟು ದೊಡ್ಡದಲ್ಲ, ಆದರೆ ಕಡಿಮೆ ಖರ್ಚಿನದು, ಮನೆಮಾತಿನದು. ಕರಾವಳಿಗೆ ಈ ಮಾದರಿ ಹೊಂದುವ ಹಾಗಿದೆ.

ಮಧ್ಯಮ, ತೀವ್ರ ಖಿನ್ನತೆಗೆ ಮಾತ್ರೆ ಬೇಕಾಗಬಹುದು. 'ಹಾಲೂಡಿಸುವವಳಿಗೆ ಮಾತ್ರೆಯೇ' ಎಂದು ಮನೆಯವರು ನಿಲ್ಲಿಸಿಬಿಡುವುದೇ ಚಿಕಿತ್ಸೆ ಅರ್ಧಕ್ಕೆ ನಿಲ್ಲುವ ದೊಡ್ಡ ಕಾರಣ. ಸರ್ಟ್ರಾಲಿನ್‌ನಂಥವು ಎದೆಹಾಲಿಗೆ ಹೋಗುವುದು ಬಹಳ ಕಡಿಮೆ, ವೈದ್ಯರು ನೋಡಿ ಕೊಟ್ಟರೆ ಹಾಲು ಬಿಡಿಸಬೇಕಾಗಿಲ್ಲ. ಇದನ್ನು ಮೊದಲ ದಿನವೇ ಅತ್ತೆಯ ಎದುರಿಗೇ ಹೇಳಿಬಿಡಬೇಕು.

ತಜ್ಞರು ಸಿಗುವುದು ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಬರುವ ಮನೋಚೈತನ್ಯ ಕ್ಲಿನಿಕ್‌ನ ದಿನವನ್ನು ಮೊದಲೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಬೇಕು. ಹಳಿಯಾಳ, ಯಲ್ಲಾಪುರ, ಮುಂಡಗೋಡದವರಿಗೆ ಕಾರವಾರಕ್ಕಿಂತ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಜಿಲ್ಲೆಯ ಗಡಿ ನೋಡಿ ಘಟ್ಟ ಇಳಿಸಿ ಕಳಿಸುವುದು ಕಾಗದದ ತರ್ಕ. ತಾಯಿಯನ್ನೂ ಮಗುವನ್ನೂ ಒಟ್ಟಿಗೆ ದಾಖಲಿಸಿಕೊಳ್ಳುವ ಘಟಕ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಎಲ್ಲೇ ದಾಖಲಾದರೂ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಬೇರ್ಪಡಿಸಬಾರದು ಎಂದು ಅದೇ 2017ರ ಕಾಯ್ದೆ ಹೇಳುತ್ತದೆ.

ವರದಿ ಬರೆಯುವಾಗ ಒಂದು ಎಚ್ಚರ. 'ಸಿದ್ದಿ, 23 ವರ್ಷ, ಮೂರನೆಯ ಹೆರಿಗೆ, ಇಂಥ ಗ್ರಾಮ' ಎಂದು ಬರೆದರೆ ಹೆಸರೇ ಬರೆದ ಹಾಗೆ, ಇಪ್ಪತ್ತು ಮನೆಯ ಊರಿನಲ್ಲಿ ಅದು ಯಾರೆಂದು ಎಲ್ಲರಿಗೂ ಗೊತ್ತು. ಕೋಷ್ಟಕದಲ್ಲಿ ಐದಕ್ಕಿಂತ ಕಡಿಮೆ ಜನರಿರುವ ಚೌಕಗಳ ಅಂಕಿಯನ್ನು ತೋರಿಸಬಾರದು, ಗ್ರಾಮದ ಬದಲು ತಾಲ್ಲೂಕು ಸಾಕು.

ಇನ್ನು ಬಜೆಟ್ಟು. ಟ್ಯಾಬ್, ತರಬೇತಿ, ಸಂಬಳ ಎಲ್ಲಕ್ಕೂ ಸಾಲು ಇರುತ್ತದೆ, ತಾಯಿಯನ್ನು ಆಸ್ಪತ್ರೆಗೆ ಮುಟ್ಟಿಸುವ ಖರ್ಚಿಗೆ ಇರುವುದಿಲ್ಲ. ಶಕ್ತಿ ಯೋಜನೆಯಿಂದ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಆಕೆಗೆ ಟಿಕೆಟ್ ಇಲ್ಲ ನಿಜ. ಜೊತೆಗೆ ಬರುವ ಗಂಡನಿಗೋ ಅಣ್ಣನಿಗೋ ಟಿಕೆಟ್ ಇದೆ, ಅವನ ಒಂದು ದಿನದ ಕೂಲಿಯೂ ಹೋಗುತ್ತದೆ. ಬಸ್ ನಿಲ್ಲುವ ರಸ್ತೆಯವರೆಗೆ ಬರಲು ಟೆಂಪೊ ಬೇಕು. ಮಗುವಿಗೆ ಹತ್ತು ವಾರವಾಗಿರುವಾಗ ಅರಬೈಲ್ ಘಟ್ಟದ ತಿರುವಿನಲ್ಲಿ ನಿಂತುಕೊಂಡು ಪ್ರಯಾಣ ಆಗದು. ಪ್ರತಿ ರೆಫರಲ್‌ಗೆ ಎರಡು ಭೇಟಿಯ ಲೆಕ್ಕದಲ್ಲಿ ಇಬ್ಬರ ಪ್ರಯಾಣ, ಒಂದು ದಿನದ ಕೂಲಿ, ಮಧ್ಯಾಹ್ನದ ಊಟ ಇಷ್ಟನ್ನು ಪ್ರಸ್ತಾವನೆಯಲ್ಲೇ ಬರೆದು ಮಂಜೂರು ಮಾಡಿಸಿಕೊಂಡು ಕೆಲಸ ಶುರುಮಾಡಬೇಕು.